ಅಕ್ಕನ ಮಂಚದ ಪಕ್ಕದ ಪಾಚಿ ಡಬ್ಬಿ

ನಾರಾಯಣಪೇಟೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರ. ಅಂಥ ಊರಿನ ನೇಕಾರರ ಓಣಿಯಲ್ಲಿ, ಮನೆಯೊಳಗೆ ಉಪ್ಪುನೀರು ತುಂಬಿಸಿ ಹವಳ ಸಾಕುತ್ತೇನೆ ಅಂದರೆ ಜನ ನಗದೆ ಇನ್ನೇನು ಮಾಡುತ್ತಾರೆ? ನಕ್ಕರು. "ಲಿಂಗ ಕಟ್ಟಿದವರ ಮನ್ಯಾಗ ಮೀನು ಬಂದಾವಂತ" ಅಂತ ಓಣಿಯೆಲ್ಲಾ ಸುದ್ದಿಯಾಯಿತು. ತಿನ್ನಲಿಕ್ಕಲ್ಲ, ನೋಡಲಿಕ್ಕೆ ಅಂತ ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ, ಕಡೆಗೆ "ಹೌದು, ಹಬ್ಬಕ್ಕ ಕರೀತೀನಿ, ಬರ್ರಿ" ಅನ್ನತೊಡಗಿದೆ. ಆಮೇಲೆ ಯಾರೂ ಕೇಳಲಿಲ್ಲ. ನನ್ನ ನಾಲಿಗೆ ಸ್ವಲ್ಪ ಒರಟು, ಅದು ಊರಿಗೆ ಗೊತ್ತಿರುವ ವಿಷಯ.

ನನ್ನದು ಮಕ್ತಲ್‌ನಲ್ಲಿ ಇನ್ವರ್ಟರ್, ಬ್ಯಾಟರಿ ಮಾರುವ ಅಂಗಡಿ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತೇನೆ. ಒಮ್ಮೆ ಮಾಲು ತರಲು ಹೈದರಾಬಾದಿಗೆ ಹೋದವನು, ಸಮುದ್ರದ ಮೀನು ಮಾರುವ ಅಂಗಡಿಯೊಂದರ ಮುಂದೆ ಸುಮ್ಮನೆ ನಿಂತೆ. ಗಾಜಿನೊಳಗೆ ಒಂದು ಬಂಡೆ, ಅದರ ಮೇಲೆ ಅಂಗಿಗುಂಡಿಯಷ್ಟು ದೊಡ್ಡ ಹವಳಗಳು, ಬಾಯಿ ಬಿಟ್ಟಂತೆ ಅರಳಿಕೊಂಡಿದ್ದವು. ಕಲ್ಲೂ ಅಲ್ಲದ, ಹೂವೂ ಅಲ್ಲದ ಆ ಜೀವ ನೋಡಿ ನನಗೆ ಹುಚ್ಚು ಹಿಡಿಯಿತು. ಕರೆಂಟು ಹೋದರೂ ಪಂಪು ನಿಲ್ಲದಂತೆ ನೋಡಿಕೊಳ್ಳುವ ಕಸುಬು ನನ್ನ ಕೈಯಲ್ಲೇ ಇತ್ತಲ್ಲ. ಹಿಂದೆ ಮಗ್ಗದ ಗುಂಡಿ ಇದ್ದು, ಈಗ ಮುಚ್ಚಿ ಗಿಲಾವು ಮಾಡಿದ ಜಾಗದಲ್ಲಿ ಒಂದು ಸಣ್ಣ ತೊಟ್ಟಿ ಇಟ್ಟೆ. ಎರಡು ಕಿತ್ತಳೆ ಮೀನು, ಒಂದು ಸೀಗಡಿ, ನಾಲ್ಕಾರು ಹವಳ. ಫಿಲ್ಟರ್ ನೀರಿಗೆ ಸಮುದ್ರದ ಉಪ್ಪು ಕಲಸಿ, ಅಳತೆ ನೋಡಿ ಹಾಕಬೇಕು. ಹೆಂಡತಿ ಬಾಗಿಲಿಗೆ ಒರಗಿ ನಿಂತು ಹೇಳುತ್ತಿದ್ದಳು, "ಸಾರಿಗೆ ಚಿಟಿಕಿ ಉಪ್ಪು ಹೆಚ್ಚಾದ್ರ ಮನಿ ಹಾರಿಹೋಗುವಂಗ ಒದರ್ತೀರಿ. ಇಲ್ಲಿ ನೋಡಿದ್ರ ಬಕೀಟಿಗಟ್ಟಲೆ ಸುರಿಯಾಕತ್ತೀರಿ."

ಒಂದಷ್ಟು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಬಂಡೆಯ ಮೇಲೆ ಕೂದಲಿನಂಥ ಕೆಟ್ಟ ಪಾಚಿ ಎದ್ದಿತು. ಬೆಳಿಗ್ಗೆ ಕಿತ್ತರೆ ಮತ್ತೆ ಎರಡು ದಿನಕ್ಕೆ ಹಾಜರು. ಹವಳಗಳು ಮುಖ ಮುಚ್ಚಿಕೊಂಡವು. ಹೈದರಾಬಾದಿನ ಅಂಗಡಿಯವನಿಗೆ ಫೋನು ಮಾಡಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅನ್ನುವ ಹಾಗೆ, ಪಾಚಿಯನ್ನು ಪಾಚಿಯಿಂದಲೇ ಕಟ್ಟಿಹಾಕಬೇಕು ಅಂತ ಅವನು ವಿವರಿಸಿದ. ತೊಟ್ಟಿಯ ಪಕ್ಕ ಇನ್ನೊಂದು ಸಣ್ಣ ಗಾಜಿನ ಪೆಟ್ಟಿಗೆ ಇಡಬೇಕು. ತೊಟ್ಟಿಯ ನೀರು ಪಂಪಿನಿಂದ ಅದಕ್ಕೆ ಏರಿ, ಅಲ್ಲಿಂದ ತಾನಾಗಿ ಇಳಿದು ವಾಪಸ್ ಬರಬೇಕು. ಪೆಟ್ಟಿಗೆಯಲ್ಲಿ ಮರಳು, ಒಂದೆರಡು ಕಲ್ಲು, ನಾವೇ ಬೆಳೆಸುವ ಒಳ್ಳೆಯ ಪಾಚಿ. ನೀರಿನ ಕೊಳೆಯನ್ನೆಲ್ಲ ಆ ಒಳ್ಳೆಯ ಪಾಚಿ ಉಂಡುಬಿಟ್ಟರೆ ಕೆಟ್ಟದ್ದಕ್ಕೆ ಉಣ್ಣಲು ಏನೂ ಉಳಿಯುವುದಿಲ್ಲ. ರವೆಗಿಂತ ಸಣ್ಣ ಹುಳಗಳು ಮೀನಿನ ಬಾಯಿಗೆ ಸಿಗದೆ ಅದರೊಳಗೆ ಹೆಚ್ಚಿಕೊಳ್ಳುತ್ತವೆ. ಅದಕ್ಕೇ ಅದನ್ನು ರೆಫ್ಯೂಜಿಯಂ ಅನ್ನುತ್ತಾರೆ, ಅಂದರೆ ಬಡಜೀವಗಳಿಗೆ ಒಂದು ಆಸರೆ. ಸಾಮಾನ್ಯವಾಗಿ ಅದನ್ನು ಕೆಳಗೆ ಕಪಾಟಿನೊಳಗೆ ಅಡಗಿಸುತ್ತಾರಂತೆ. ನಾನೂ ಹಾಗೇ ಮಾಡುವವನಿದ್ದೆ. ಅಷ್ಟರಲ್ಲಿ ಅಕ್ಕನ ಕಣ್ಣಿನ ವಿಷಯ ಬಂತು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಸತ್ತಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಕೈಯಲ್ಲಿ ರಾಟೆ ತಿರುಗಿಸುತ್ತಾ, ಕಾಲಿನಲ್ಲಿ ನನ್ನ ಜೋಳಿಗೆ ತೂಗಿದವಳು ಅವಳು. ಗದ್ವಾಲ್‌ನ ನೇಕಾರರ ಮನೆಗೆ ಕೊಟ್ಟರು. ಗದ್ವಾಲ್ ಸೀರೆಯ ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯದು. ಹತ್ತಿಯ ಬಣ್ಣ ರೇಷ್ಮೆಯ ಬಣ್ಣಕ್ಕೆ ಸರಿಹೊಂದದಿದ್ದರೆ ಇಡೀ ಸೀರೆ ಕೆಟ್ಟಂತೆ. ಆ ಹೊಂದಿಕೆ ನೋಡುವ ಕೆಲಸ ಅಕ್ಕನದು. ಸುತ್ತಲಿನ ಮಗ್ಗದವರೆಲ್ಲ ನೂಲು ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ನೂಲನ್ನು ಹೊಸ್ತಿಲಿಗೆ ತಂದು, ಬಿಸಿಲಿಗೆ ಅಡ್ಡ ಹಿಡಿದು, "ಇದು ಗಿಳಿಹಸಿರಲ್ಲ, ಹೆಸರುಕಾಳಿನ ಹಸಿರು. ಮತ್ತೊಮ್ಮಿ ಅದ್ದು" ಅಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಬಲ್ಬಿನ ಬೆಳಕಿನಲ್ಲಿ ಮಾತ್ರ ಬಣ್ಣ ನೋಡುತ್ತಿರಲಿಲ್ಲ. "ದೀಪ ಸುಳ್ಳು ಹೇಳ್ತೈತಿ" ಅನ್ನುತ್ತಿದ್ದಳು.

ಮಕ್ಕಳಾಗಲಿಲ್ಲ. ಭಾವ ತೀರಿಕೊಂಡರು. ಅಕ್ಕನಿಗೆ ಸಕ್ಕರೆ ಕಾಯಿಲೆ ಹತ್ತಿತ್ತು. ಅದು ಕಣ್ಣಿಗೆ ಇಳಿದದ್ದು ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಎಡಗಣ್ಣಿನಲ್ಲಿ ಕಪ್ಪು ಪರದೆ ಬಿದ್ದ ಹಾಗಾಯಿತು ಅಂತ ಫೋನಿನಲ್ಲಿ ಹೇಳಿದಳು. ಅವತ್ತೇ ಗದ್ವಾಲ್‌ಗೆ ಹೋಗಿ, ಬೇಡಬೇಡವೆಂದರೂ ಕೇಳದೆ, ಅವಳ ಬಟ್ಟೆಗಂಟನ್ನು ಹೆಗಲಿಗೇರಿಸಿ, ಅವಳನ್ನು ಬಸ್ಸು ಹತ್ತಿಸಿ ಮನೆಗೆ ಕರೆತಂದೆ. ರಾಯಚೂರಿನ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಎಡಗಣ್ಣು ಹೋಗಿತ್ತು. ಬಲಗಣ್ಣಿಗೆ ಲೇಸರ್ ಮಾಡಿದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಈಗಲೂ ಹಾಗೇ ಕಿವಿಯಲ್ಲಿದೆ: "ಈ ಕಣ್ಣು ಉಳಿಸಬಹುದು. ಆದರೆ ಬಣ್ಣ ಮಾಸಿದ ಹಾಗೆ ಕಂಡರೆ ಅವತ್ತೇ ಕರಕೊಂಡು ಬರಬೇಕು. ನಾಳೆ ಅನ್ನಬೇಡಿ."

ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ದಿನಾ "ಅಕ್ಕಾ, ಕಾಣ್ತೈತೇನು, ಕಾಣ್ತೈತೇನು" ಅಂತ ಕೇಳುವುದು ಹೇಗೆ? ಬಣ್ಣದಿಂದಲೇ ಬದುಕಿದ ಹೆಣ್ಣುಮಗಳು ಅವಳು. ಅದನ್ನು ಕೇಳುವುದೆಂದರೆ ಗಾಯದ ಮೇಲೆ ಬೆರಳಿಟ್ಟು ನೋವು ಐತೇನು ಅಂತ ಕೇಳಿದ ಹಾಗೆ. ಆಗ ನನಗೆ ಪಾಚಿಯ ಪೆಟ್ಟಿಗೆ ನೆನಪಾಯಿತು. ಅದನ್ನು ಕಪಾಟಿನೊಳಗೆ ಯಾಕೆ ಅಡಗಿಸಬೇಕು? ಅಕ್ಕನ ಮಂಚದ ಪಕ್ಕ, ಅವಳು ಕೂತರೆ ಕಣ್ಣಿನ ಮಟ್ಟಕ್ಕೆ ಬರುವಂತೆ, ನೋಡಲೆಂದೇ ಇಟ್ಟರಾಯಿತು. ಹಸಿರು ಪಾಚಿ, ಕೆಂಪು ಪಾಚಿ, ಒಳ್ಳೆಯ ಬೆಳಕು. ಸಂಜೆ ಬಂದು "ಅಕ್ಕಾ, ಇವತ್ತು ಪಾಚಿ ಯಾವ ಬಣ್ಣ?" ಅಂತ ಕೇಳಿದರೆ ಅದರಲ್ಲಿ ಅವಳಿಗೆ ನೋಯುವಂಥದ್ದೇನಿದೆ? ಇಷ್ಟು ಬುದ್ಧಿ ನನಗೆ ಹೊಳೆಯಿತಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಟ್ಟುವ ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಪೆಟ್ಟಿಗೆ ತೊಟ್ಟಿಗಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ನೀರು ತಾನಾಗಿ ಇಳಿಯುವುದಿಲ್ಲ. ಆದರೆ ಕೂತ ಅಕ್ಕನ ಕಣ್ಣಿಗಿಂತ ಎತ್ತರವಾಗಬಾರದು. ಅದಕ್ಕೆ ಬಡಗಿಯನ್ನು ಕರೆಸಿ, ತೊಟ್ಟಿಯ ಸ್ಟ್ಯಾಂಡಿನ ಕಾಲು ಕತ್ತರಿಸಿ ಗಿಡ್ಡ ಮಾಡಿಸಿದೆ. ಗೋಡೆಗೆ ಹಲಗೆ ಹೊಡೆದು ಪೆಟ್ಟಿಗೆ ಕೂರಿಸಿದೆ. ಸಣ್ಣ ಪಂಪು, ಏರುವ ಪೈಪು, ಇಳಿಯುವ ಪೈಪು. ಇಳಿಯುವ ಪೈಪು ಕಟ್ಟಿಕೊಂಡರೆ ನೀರೆಲ್ಲ ಅಕ್ಕನ ಹಾಸಿಗೆಗೆ ಚೆಲ್ಲುತ್ತದೆ ಅಂತ ಅದರ ಬಾಯಿಗೆ ಜಾಳಿಗೆ ಕಟ್ಟಿದೆ. ನೀರು ಗುಳುಗುಳು ಅಂತ ಸದ್ದು ಮಾಡಿತು. ಪೈಪನ್ನು ನೀರಿನೊಳಗೆ ಮುಳುಗಿಸಿದಾಗ ಸುಮ್ಮನಾಯಿತು. ಅಕ್ಕ ಮಂಚದ ಮೇಲೆ ಕೂತು ಎಲ್ಲಾ ಕೇಳಿಸಿಕೊಳ್ಳುತ್ತಿದ್ದಳು.

"ಇದು ಯಾರ ಸಲುವಾಗೋ ತಮ್ಮಾ?" ಅಂದಳು.

"ಸಣ್ಣ ಹುಳಗಳ ಸಲುವಾಗಿ. ಮೀನಿನ ಬಾಯಿಗೆ ಸಿಗದಂಗ ಇರಾಕ ಒಂದು ಜಾಗ."

"ಅವಕ್ಕೂ ತವರುಮನಿ ಕಟ್ಟಿಕೊಟ್ಟಂಗಾತು" ಅಂದು ನಕ್ಕಳು. ಮನೆಗೆ ಬಂದ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು.

ಹೈದರಾಬಾದಿನಿಂದ ಪಾಚಿ ತಂದೆ. ಹಸಿರು ಪಾಚಿ ಎಳೆ ಎಳೆಯಾಗಿ, ಒಂದರೊಳಗೊಂದು ತೂರಿಕೊಂಡು ಮುದ್ದೆಯಾಗಿತ್ತು. ಕೆಂಪು ಪಾಚಿ ಸಣ್ಣ ಕೊಂಬೆಗಳಂತೆ ಕವಲೊಡೆದಿತ್ತು. ಪೆಟ್ಟಿಗೆಗೆ ಹಾಕುವ ಮೊದಲು ಅಕ್ಕ ಕೈ ಚಾಚಿದಳು. ಹಸಿರು ಮುದ್ದೆಯನ್ನು ಅವಳ ಅಂಗೈಯಲ್ಲಿಟ್ಟೆ. ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಎಳೆಯ ತುದಿ ಹುಡುಕತೊಡಗಿದವು.

"ಅಯ್ಯ, ಇದು ಸಿಕ್ಕಾದ ನೂಲಲ್ಲೋ!"

"ಅದು ಹಂಗೇ ಇರಬೇಕು ಅಕ್ಕಾ. ಅದರೊಳಗೇ ಹುಳ ಬಾಳೋದು."

ಅವಳು ವಾಪಸ್ ಕೊಟ್ಟಳು. ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಸಿಕ್ಕು ಬಿದ್ದ ನೂಲನ್ನು ಹಾಗೇ ಬಿಟ್ಟು ಊಟಕ್ಕೆ ಕೂರಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಚಿಕ್ಕಂದಿನಲ್ಲಿ ಅಂಥ ಗಂಟು ಬಿಡಿಸುತ್ತಾ ಹಸಿದು ಕೂತದ್ದು ನನಗೂ ನೆನಪಿದೆ.

ತೊಟ್ಟಿಯ ದೀಪ ಹಗಲಿಗೆ, ಪೆಟ್ಟಿಗೆಯ ದೀಪ ಸಂಜೆಯಿಂದ. ಎರಡೂ ಒಟ್ಟಿಗೆ ಆರಿದರೆ ನೀರಿನ ಗುಣ ಕೆಡುತ್ತದೆ ಅಂತ ಹೀಗೆ ಒಂದರ ನಂತರ ಒಂದು. ನಾನು ಅಂಗಡಿ ಮುಚ್ಚಿ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಬೆಳಗಿರುತ್ತಿತ್ತು. ಕೈಕಾಲು ತೊಳೆದು, ಚಹಾ ಹಿಡಿದು ಅಕ್ಕನ ಮಂಚದ ತುದಿಗೆ ಕೂರುತ್ತಿದ್ದೆ.

"ಅಕ್ಕಾ, ಇವತ್ತ ಹಸಿರು ಹೆಂಗೈತಿ?"

ದೀಪದ ಬೆಳಕು ಅಂತ ತಕರಾರು ತೆಗೆಯದೆ ಅವಳು ಕುತ್ತಿಗೆ ಮುಂದೆ ಚಾಚಿ, ಬಲಗಣ್ಣನ್ನು ಗಾಜಿಗೆ ಹತ್ತಿರ ತಂದು ನೋಡುವಳು. "ತುದಿ ಗಿಳಿಹಸಿರು. ಒಳಗ ಒಂದೀಟು ಕಪ್ಪು ಹೆಚ್ಚೈತಿ."

"ಕೆಂಪು?"

"ಕೆಂಪು ಅನ್ನಬ್ಯಾಡ. ಅದು ಉಳ್ಳಾಗಡ್ಡಿ ಸಿಪ್ಪಿ ಬಣ್ಣ. ಅಂಚಿಗೆ ಹಾಕಿದ್ರ ಚೆಂದ ಒಪ್ಪತೈತಿ."

ಹೀಗೆ ದಿನಾ ಒಂದು ಹೊಸ ಬಣ್ಣ. ಒಂದು ಸಂಜೆ ಹೆಸರುಕಾಳು, ಒಂದು ಸಂಜೆ ಹಸಿಮೆಣಸಿನಕಾಯಿ, ಇನ್ನೊಂದು ಸಂಜೆ ನವಿಲುಗೊರಳು. ಪಾಚಿ ಚೆನ್ನಾಗಿ ಹಬ್ಬಿತು. ದೊಡ್ಡ ತೊಟ್ಟಿಯ ಕೆಟ್ಟ ಪಾಚಿ ಸೊರಗಿ ಉದುರಿತು, ಹವಳಗಳು ಮತ್ತೆ ಬಾಯಿ ತೆರೆದವು. ಗಾಜಿಗೆ ಅಂಟಿಕೊಂಡು ಬಿಳಿ ಚುಕ್ಕೆಯಂಥ ಹುಳಗಳು ಓಡಾಡುತ್ತಿದ್ದವು. ಓಣಿಯ ಹೆಂಗಸರೂ ಬಂದು ನೋಡಿಹೋದರು. ಮೀನಿನ ಬಗ್ಗೆ ಮೂಗು ಮುರಿದವರೇ ಪಾಚಿಯ ಬಣ್ಣಕ್ಕೆ ಮರುಳಾಗಿ, ಇಂಥದೊಂದು ಸೀರೆ ನೇಯಿಸಬೇಕು ಅಂದರು. ಅಕ್ಕ ಮಂಚದಿಂದಲೇ ಯಾವುದಕ್ಕೆ ಯಾವ ಅಂಚು ಅಂತ ಹೇಳುತ್ತಿದ್ದಳು.

ರಾಯಚೂರಿನಲ್ಲಿ ಮತ್ತೆ ತೋರಿಸುವ ಗಡುವು ಬಂದಾಗ ಅವಳು ಒಪ್ಪಲಿಲ್ಲ. "ಬಣ್ಣ ಕಾಣಾಕತ್ತಾವ. ಡಾಕ್ಟರು ಹೇಳಿದ್ದು ಅದೇ ಅಲ್ಲೇನು? ಸುಮ್ನ ಹೋಗಿ ಬಂದು ಯಾಕ ತಕಲೀಫು?" ಅಂದಳು. ಡಾಕ್ಟರು ಹೇಳಿದ್ದು ಇವಳಿಗೆ ಹೇಗೆ ಗೊತ್ತಾಯಿತು ಅಂತ ಆಗ ನಾನು ಕೇಳಲಿಲ್ಲ. ಬಣ್ಣ ಹೇಳುತ್ತಿದ್ದಾಳಲ್ಲ, ಅದೂ ನನಗೆ ಕಾಣದ ಬಣ್ಣ! ನನ್ನ ಎರಡು ಕಣ್ಣಿಗೆ ಬರೀ ಹಸಿರು ಅಂತ ಕಂಡದ್ದರಲ್ಲಿ ಅವಳ ಒಂದು ಕಣ್ಣು ಮೂರು ಹಸಿರು ಆರಿಸುತ್ತಿತ್ತು. ಇನ್ನು ಸ್ವಲ್ಪ ದಿನ ತಡೆದು ಹೋದರಾಯಿತು ಅಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಗದ್ವಾಲ್ ಹತ್ತಿರದ ಧರೂರಿನ ಕಡೆ ಒಂದು ಅಕ್ಕಿ ಗಿರಣಿಯಲ್ಲಿ ಬ್ಯಾಟರಿ ಜೋಡಿಸುವ ಕೆಲಸ ಸಿಕ್ಕಿತು. ದಿನಾ ಹೋಗಿ ಬರುವುದು ಆಗದ ಮಾತು. ವಾರದ ಮಟ್ಟಿಗೆ ಗದ್ವಾಲ್‌ನಲ್ಲಿ ಭಾವನ ಕಡೆಯ ನೆಂಟರ ಮನೆಯಲ್ಲೇ ಉಳಿದೆ. ಹೊರಡುವ ಮುಂಚೆ ಹೆಂಡತಿಗೆ ಮೀನಿನ ಆಹಾರ ತೋರಿಸಿ, "ಇಷ್ಟು ಹಾಕು. ಮತ್ತೇನೂ ಮುಟ್ಟಬ್ಯಾಡ. ಪಾಚಿ ಕಡೆಗಂತೂ ಕೈ ಹಚ್ಚಲೇಬ್ಯಾಡ" ಅಂತ ಗದರಿದ ಹಾಗೇ ಹೇಳಿದೆ. "ನಿಮ್ಮ ಪಾಚಿ ನನಗ್ಯಾಕ್ರೀ" ಅಂತ ಅವಳೂ ಹಾಗೇ ಹೇಳಿದಳು.

ಗದ್ವಾಲ್‌ನಿಂದ ದಿನಾ ಸಂಜೆ ಫೋನು ಮಾಡುತ್ತಿದ್ದೆ. ಅಕ್ಕನ ದನಿ ಗೆಲುವಾಗಿತ್ತು. "ಗಿಳಿಹಸಿರು ಆಗೈತಿ ತಮ್ಮಾ. ಮೊದಲಿಗಿಂತ ಚೆಂದ ಆಗೈತಿ. ನೀ ಬಂದ ಮ್ಯಾಲ ನೋಡುವಂತಿ." ಏನೋ ಗುಟ್ಟು ಇಟ್ಟುಕೊಂಡ ಮಗುವಿನ ಹಾಗೆ ಮಾತಾಡುತ್ತಿದ್ದಳು. ಅವಳು ನೂಲು ನೋಡಿದ ಆ ಊರಿನಲ್ಲಿ ಕೂತು ಅವಳ ಬಾಯಿಂದ ಬಣ್ಣದ ಹೆಸರು ಕೇಳುವುದು ನನಗೂ ಸಂತೋಷವೇ. ನೆಂಟರ ಮನೆಯ ಮುದುಕರು, "ಆಕಿ ಕಣ್ಣು ಇನ್ನೂ ಹಂಗೇ ಅದಾವೇನಪಾ?" ಅಂತ ಕೇಳಿದರೆ, "ಒಂದು ಕಣ್ಣೇ ಸಾಕ್ರಿ ಆಕಿಗೆ" ಅಂತ ಜಂಭದಿಂದ ಹೇಳಿದೆ.

ಕೆಲಸ ಮುಗಿಸಿ ಮನೆಗೆ ಬಂದಾಗ ಸಂಜೆಯಾಗಿತ್ತು. ಬಾಗಿಲಲ್ಲೇ ವಾಸನೆ ಬಡಿಯಿತು, ಕೊಳೆತ ನೀರಿನ ವಾಸನೆ. ಒಳಗೆ ಪೆಟ್ಟಿಗೆಯ ದೀಪ ಉರಿಯುತ್ತಿತ್ತು. ಅದರ ಕೆಳಗೆ ಪಾಚಿ ಪೂರಾ ಬಿಳಿಚಿಕೊಂಡು, ನೆನೆದ ಶ್ಯಾವಿಗೆಯ ಹಾಗೆ ಬಿದ್ದಿತ್ತು. ಮುದ್ದೆಯೂ ಆಗಿರಲಿಲ್ಲ, ಎಳೆ ಎಳೆ ಬೇರೆ ಮಾಡಿ, ನೂಲಿನ ಲಡಿಯಂತೆ ಒಪ್ಪವಾಗಿ ಸುತ್ತಿ, ನಡುವೆ ದಾರದಿಂದ ಕಟ್ಟಿತ್ತು. ಕೆಂಪು ಪಾಚಿಯೂ ಬಣ್ಣ ಬಿಟ್ಟು ಸಪ್ಪಗಾಗಿತ್ತು. ಗಾಜಿನ ಮೇಲೆ ಒಂದು ಹುಳವೂ ಇರಲಿಲ್ಲ. ದೊಡ್ಡ ತೊಟ್ಟಿಯ ನೀರು ಮಬ್ಬಾಗಿತ್ತು, ಸೀಗಡಿ ಸತ್ತು ಅಡ್ಡ ಬಿದ್ದಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಹಾಗೆ ಮೊದಲು ಹೆಂಡತಿಯ ಮೇಲೆ ಹರಿಹಾಯ್ದೆ. "ಮುಟ್ಟಬ್ಯಾಡ ಅಂದಿದ್ದೆ! ಏನು ಮಾಡಿಟ್ಟಿ ಇದನ್ನ?"

"ನಾ ಎಲ್ಲಿ ಮುಟ್ಟೀನ್ರೀ!" ಅಂತ ಅವಳು ಅಡಿಗೆಮನೆಯಿಂದ ಓಡಿಬಂದಳು.

"ಆಕಿ ಮ್ಯಾಲ ಯಾಕ ಹಾರಾಡ್ತಿ?" ಮಂಚದ ಮೇಲಿಂದ ಅಕ್ಕ ಅಂದಳು. "ನಾನೇ ತೆಗದು ತೊಳದೀನಿ. ಕೈ ಹಾಕಿದ್ರ ಬರೇ ಸಿಕ್ಕು, ಮ್ಯಾಲ ಜಿಗಿ ಜಿಗಿ ಹೊಲಸು. ನಿನಗ ಬಿಡಿಸಾಕ ಪುರಸೊತ್ತು ಎಲ್ಲೈತಿ? ನೂಲು ನೆನಿಹಾಕಿದಂಗ ಬೋಗಾಣ್ಯಾಗ ನಳದ ನೀರು ಹಾಕಿ ನೆನಸಿಟ್ಟೆ. ಮರುದಿನ ಹಿಂಡಿ, ಜಾಡಿಸಿ, ಎಳಿ ಎಳಿ ಬಿಡಿಸಿ ಲಡಿ ಕಟ್ಟಿ ಇಟ್ಟೀನಿ. ಎಷ್ಟು ಹೊತ್ತು ಹಿಡೀತು ಗೊತ್ತೇನು?"

ನೇಕಾರರ ಮನೆಯಲ್ಲಿ ಹೊಸ ನೂಲಿಗೆ ಮೊದಲು ಮಾಡುವುದೇ ಅದು. ನೀರಲ್ಲಿ ನೆನೆಸಿ, ತುಳಿದು, ಜಾಡಿಸಿ, ಆಮೇಲೆ ಗಂಜಿ. ಬೇರೆ ಯಾರಾದರೂ ಆ ಲೋಳೆಯ ಮುದ್ದೆಗೆ ಕೈ ಹಾಕಲೂ ಹೇಸುತ್ತಿದ್ದರು. ಉಪ್ಪುನೀರಿನ ಜೀವಕ್ಕೆ ಸಿಹಿನೀರೇ ವಿಷ ಅಂತ ಅವಳಿಗೆ ನಾನು ಯಾವತ್ತೂ ಹೇಳಿರಲಿಲ್ಲ, ಹೇಳಬೇಕಾದೀತು ಅಂತ ಹೊಳೆದೂ ಇರಲಿಲ್ಲ.

ಏನೋ ಒರಟಾಗಿ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಕ್ಕ ಎಂದಿನಂತೆ ಕುತ್ತಿಗೆ ಮುಂದೆ ಚಾಚಿ, ಆ ಬಿಳಿಯ ಲಡಿಯ ಕಡೆ ಮುಖ ಮಾಡಿ, ತೃಪ್ತಿಯಿಂದ ಹೇಳಿದಳು, "ನೋಡು ಈಗ, ಹಸಿರು ಹೆಂಗ ಎದ್ದು ಕಾಣಾಕತ್ತೈತಿ. ಗಿಳಿಹಸಿರು ಅಂದ್ರ ಇದು."

ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

"ನನಗ ಬೆಳ್ಳಗ ಕಂಡಿತ್ತು" ಅಂತ ಹೆಂಡತಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಆದ್ರ ಅಕ್ಕಾರು ದಿನಾ ಹಸಿರು ಅಂತಿದ್ರು. ಬಣ್ಣದ ವಿಷಯದಾಗ ಅವರ ಮಾತಿಗೆ ನಾ ಎದುರಾಡೋದೇನ್ರೀ? ನನ್ನ ಕಣ್ಣಿಗೇ ಏನೋ ಆಗೈತಿ ಅಂತ ತಿಳ್ಕೊಂಡೆ."

ಅವಳನ್ನು ಬಯ್ಯುವಂತಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅಲ್ಲ, ಇಡೀ ಓಣಿಯಲ್ಲಿ ಅಕ್ಕ ಹಸಿರು ಅಂದರೆ ಅದು ಹಸಿರೇ. ಅವಳ ಮಾತಿನ ಮುಂದೆ ನಮ್ಮ ಕಣ್ಣನ್ನು ನಾವು ನಂಬುವುದು ಬಿಟ್ಟು ಎಷ್ಟೋ ಕಾಲವಾಗಿತ್ತು.

ಆ ಪಿಸುಮಾತು ಅಕ್ಕನ ಕಿವಿಗೂ ಬಿತ್ತು. ಚಾಚಿದ ಕುತ್ತಿಗೆ ಮೆಲ್ಲಗೆ ಹಿಂದಕ್ಕೆ ಬಂತು. ಸೆರಗು ಸರಿಮಾಡಿಕೊಂಡು, ಗೋಡೆಗೆ ಒರಗಿ ಕೂತಳು.

"ಬಣ್ಣ ಹೋಗೈತೇನೋ?"

"ಹೋಗೈತಿ ಅಕ್ಕಾ."

"ಪೂರಾ?"

"ಪೂರಾ. ಬೆಳ್ಳಗಾಗೈತಿ."

ನಾನು ಮಂಚದ ಕೆಳಗೆ ನೆಲದ ಮೇಲೆ ಕೂತೆ. ಎಂದಿನಿಂದ ಹೀಗೆ ಅಂತ ಕೇಳಿದೆ. ದೀಪಾವಳಿಯ ಮುಂಚಿನಿಂದಲೇ ಮಾಸುತ್ತಾ ಬಂದಿತ್ತಂತೆ. ಮೊದಲು ಕೆಂಪು ಹೋಯಿತು, ಆಮೇಲೆ ಹಸಿರು ಬೂದಿಯಾಯಿತು. ಈಗ ದೀಪ ಹತ್ತಿದೆಯೋ ಆರಿದೆಯೋ ಅಷ್ಟು ಮಾತ್ರ ಗೊತ್ತಾಗುತ್ತಿತ್ತಂತೆ. ಮುಂಚೆ ನೋಡಿದ ಪಾಚಿಯನ್ನೇ ನೆನಪು ಮಾಡಿಕೊಂಡು ದಿನಕ್ಕೊಂದು ಬಣ್ಣ ಹೇಳುತ್ತಿದ್ದಳು. ಮನೆಯೊಳಗೆ ಹೆಜ್ಜೆ ಎಣಿಸಿ ಓಡಾಡುತ್ತಿದ್ದಳಂತೆ, ಅದಕ್ಕೇ ನಮಗೆ ಗೊತ್ತಾಗಿರಲಿಲ್ಲ.

"ಹೇಳಬಾರದಾಗಿತ್ತೇನಕ್ಕಾ? ಅದನ್ನ ತಿಳಕೊಳ್ಳಾಕೇ ನಾ ದಿನಾ ಕೇಳ್ತಿದ್ದೆ."

"ಗೊತ್ತಿಲ್ಲೇನು ನನಗ? ನೀ ಪಾಚಿ ಕೇಳ್ತಿದ್ದಿಲ್ಲ, ಕಣ್ಣು ಕೇಳ್ತಿದ್ದಿ. ಆಸ್ಪತ್ರ್ಯಾಗ ಡಾಕ್ಟರು ನಿನ್ನ ಪಕ್ಕಕ್ಕ ಕರದು ಹೇಳಿದ್ದೂ ಕೇಳೈತಿ. ಕಣ್ಣು ಹೋಗ್ಯಾವು, ಕಿವಿ ಹೋಗಿಲ್ಲ." ನಗಲು ನೋಡಿದಳು, ಆಗಲಿಲ್ಲ. "ಸ್ಟ್ಯಾಂಡು ಕೊಯ್ಸಿದಿ, ಹಲಗಿ ಹೊಡದಿ, ಹೈದರಾಬಾದಿಗೆ ಹೋಗಿ ಪಾಚಿ ತಂದಿ. ದಿನಾ ಸಂಜಿ ಆಸೆ ಇಟ್ಕೊಂಡು ಬಂದು ಕುಂದರತಿದ್ದಿ. ಕಾಣವಲ್ದು ಅನ್ನಾಕ ಬಾಯಿ ಬರಲಿಲ್ಲ ತಮ್ಮಾ. ನಾಳೆ ಹೇಳಿದ್ರಾತು, ನಾಳೆ ಹೇಳಿದ್ರಾತು ಅಂತ ದಿನ ದೂಡಿದೆ."

ನನಗೆ ಅಳು ಬಂತು. ಮುಚ್ಚಿಕೊಳ್ಳಲು ಹೋಗಲಿಲ್ಲ. ಕಾಣದವಳ ಮುಂದೆ ಮುಚ್ಚಿಕೊಳ್ಳುವುದೇನಿದೆ ಅನಿಸಿತು, ಹಾಗನಿಸಿದ್ದಕ್ಕೆ ಇನ್ನೂ ಅಳು ಬಂತು.

ಬೆಳಗಾದ ಕೂಡಲೇ ರಾಯಚೂರಿಗೆ ಹೊರಟೆವು. ಅಕ್ಕನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೃಷ್ಣಾ ಸೇತುವೆಯ ಮೇಲೆ ಬಸ್ಸು ಹೋಗುವಾಗ ಗಾಳಿಯ ತಂಪಿನಿಂದಲೇ ಹೊಳೆ ಬಂತು ಅಂತ ತಿಳಿದು ಕೈಮುಗಿದಳು. ನಾನೂ ಮುಗಿದೆ. ಒಂದಿಷ್ಟಾದರೂ ಉಳಿಸಿಕೊಡು ತಾಯಿ ಅಂತ ಬೇಡಿಕೊಂಡೆ. ಇಂಥದ್ದನ್ನೆಲ್ಲ ಬೇಡುವ ಮನುಷ್ಯನಲ್ಲ ನಾನು, ಆದರೂ ಬೇಡಿದೆ.

ಡಾಕ್ಟರು ಕಣ್ಣಿಗೆ ಔಷಧಿ ಹಾಕಿ, ಸ್ವಲ್ಪ ಹೊತ್ತು ಕೂರಿಸಿ, ಯಂತ್ರದ ಮುಂದೆ ಗದ್ದ ಇಡಿಸಿ ಬಹಳ ಹೊತ್ತು ನೋಡಿದರು. ಈ ಸಲ ನನ್ನನ್ನು ಪಕ್ಕಕ್ಕೆ ಕರೆಯಲಿಲ್ಲ. ಅಕ್ಕನ ಎದುರಿಗೇ, ಅವಳ ಕೈ ಮೇಲೆ ಕೈಯಿಟ್ಟು ಹೇಳಿದರು. ಒಳಗೆ ರಕ್ತ ತುಂಬಿ ಕಣ್ಣಿನ ಒಳಪರದೆ ಪೂರ್ತಿ ಕಿತ್ತುಬಂದಿದೆ, ಬಹಳ ದಿನವಾಗಿದೆ, ಇನ್ನು ಆಪರೇಷನ್ ಮಾಡಿದರೂ ನೋಟ ಬರುವುದಿಲ್ಲ. ಬಣ್ಣ ಮಾಸಿದಾಗಲೇ ಬಂದಿದ್ದರೆ ಅಂತ ಶುರುಮಾಡಿ, ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಅಕ್ಕ, "ಆಗ್ಲಿ ಬಿಡ್ರಿ. ನಿಮ್ಮ ಕೈಲಾಗಿದ್ದು ಮಾಡೀರಿ" ಅಂದು ಎದ್ದಳು. ಬಾಗಿಲ ಕಡೆ ತಾನೇ ಹೊರಟವಳು ಕುರ್ಚಿಗೆ ಎಡವಿದಳು; ಆಗ ನನ್ನ ತೋಳು ಹಿಡಿದುಕೊಂಡಳು.

ಮಧ್ಯಾಹ್ನ ಮಕ್ತಲ್‌ನಲ್ಲಿ ಇಳಿದು ನಾರಾಯಣಪೇಟೆಯ ಬಸ್ಸಿಗೆ ಕಾಯಬೇಕಾಯಿತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಉಟ್ಕೂರಿಗೆ ಹೋಗುವ ಆಟೋದವನು ಕೂಗುತ್ತಿದ್ದ. ಅಕ್ಕನಿಗೆ ಚಹಾ ಕುಡಿಸಿದೆ, ಸಕ್ಕರೆ ಇಲ್ಲದ್ದು. ಗ್ಲಾಸು ಎರಡೂ ಕೈಯಲ್ಲಿ ಹಿಡಿದು ನಿಧಾನ ಕುಡಿದಳು. ಏನಾದರೂ ಮಾತಾಡಬೇಕಲ್ಲ ಅಂತ, ಪೆಟ್ಟಿಗೆ ತೊಳೆದು ಹೊಸ ಪಾಚಿ ಹಾಕುತ್ತೇನೆ, ಹವಳ ಉಳಿದಾವು ಅಂತ ಹೇಳಿದೆ. ಅವಳು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು.

"ತಮ್ಮಾ, ನಿನ್ನ ಕೂದ್ಲು ಬೆಳ್ಳಗಾಗ್ಯಾವೇನು?" ಅಂತ ಕೇಳಿದಳು.

"ಆಗ್ಯಾವಕ್ಕಾ. ಕಿವಿ ಹತ್ರ ಒಂದೀಟು."

"ಯಾವಾಗಿಂದ?"

"ಈಗ ವರ್ಷ ಆತು."

"ನಾ ನೋಡೇ ಇಲ್ಲ" ಅಂದಳು. ಖಾಲಿ ಗ್ಲಾಸನ್ನು ಮಡಿಲಲ್ಲಿ ಇಟ್ಟುಕೊಂಡಳು. "ಆಸ್ಪತ್ರ್ಯಾಗಿಂದ ಅದನ್ನೇ ನೆನಸಾಕತ್ತೀನಿ. ಕಡೀಕ ನಿನ್ನ ಮುಖ ಯಾವಾಗ ನೋಡಿದೆ ಅಂತ. ಸಿಗವಲ್ದು. ದಿನಾ ಸಂಜಿ ನೀ ಬಾಜೂಕ ಕುಂತು ಪಾಚಿ ನೋಡು, ಪಾಚಿ ನೋಡು ಅಂದಿ. ನಾನೂ ಅದನ್ನೇ ನೋಡಿದೆ. ಇದ್ದ ಬೆಳಕೆಲ್ಲ ಅದಕ್ಕೇ ಹಾಕಿದೆ. ನಿನ್ನ ಮುಖ ಎಲ್ಲಿ ಹೋಗತೈತಿ, ಇಲ್ಲೇ ಐತೆಲ್ಲ ಅಂತ ಬಿಟ್ಟೆ."

ನಾರಾಯಣಪೇಟೆಯ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಅವಳ ಕೈಯಿಂದ ಗ್ಲಾಸು ತೆಗೆದುಕೊಂಡು, ಚಹಾದ ಅಂಗಡಿಗೆ ಕೊಟ್ಟು ಬಂದು, ಅವಳನ್ನು ಬಸ್ಸು ಹತ್ತಿಸಿದೆ.